ಗಟಾರಕ್ಕೆ ಚೆಲ್ಲಬಾರದ ನೀರು

ಬದುಕಿರುವವರೆಗೆ ನಮ್ಮಪ್ಪ ಮಲ್ಕಪ್ಪ ನನ್ನ ಮೀನನ್ನು ಹೊಸ್ತಿಲು ದಾಟಗೊಡಲಿಲ್ಲ. ಲಿಂಗ ಕಟ್ಟಿದವರ ಮನೆಯಲ್ಲಿ ಮೀನೇ ಎಂದು ಜೇವರ್ಗಿಯ ಬಜಾರಕ್ಕೆಲ್ಲ ಕೇಳುವಂತೆ ಬೈದಿದ್ದ. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಲಬರ್ಗಾದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಾಜಿನ ಪೆಟ್ಟಿಗೆ ದನದ ಕೊಟ್ಟಿಗೆ ಸೇರಿತು. ಅಪ್ಪ ಸತ್ತ ಮೇಲೆ ಅದನ್ನು ತಂದು ಪಡಸಾಲೆಯಲ್ಲಿ ಅವನು ಕೂಡುತ್ತಿದ್ದ ಕಟ್ಟೆಯ ಮೇಲೆಯೇ ಇಟ್ಟೆ. ಸಿಟ್ಟಿನಿಂದಲೇ ಇಟ್ಟೆ.

ಅವ್ವ ಅದರ ಮುಂದೆ ಕೂಡತೊಡಗಿದಳು. ಕೆಂಪು ಮೀನು ಗಾಜಿಗೆ ಮೂತಿ ಹಚ್ಚಿ ಅವಳನ್ನೇ ನೋಡುತ್ತಿತ್ತು. ಅವಳು ಒಳಗೆ ಹೋದರೆ ಅತ್ತ ತಿರುಗುತ್ತಿತ್ತು.

"ನಿಮ್ಮಪ್ಪನ ಕಣ್ಣು ಲೇ ಅವು. ರೆಪ್ಪಿ ಬಡಿಯಂಗಿಲ್ಲ ನೋಡು."

ಮೀನಿಗೆ ರೆಪ್ಪೆಯೇ ಇಲ್ಲ ಎಂದೆ. ನಿನಗೆ ಬೈಯುವಾಗ ಅವರೂ ಬಡಿಯುತ್ತಿರಲಿಲ್ಲ ಎಂದಳು. ಅದು ಖರೆ.

ಅಂದಿನಿಂದ ಲಿಂಗಪೂಜೆಯ ತೀರ್ಥ, ಒಂದು ಚಿಟಿಕೆ ವಿಭೂತಿ ದಿನಾಲೂ ಪೆಟ್ಟಿಗೆಗೆ ಬೀಳತೊಡಗಿದವು. ನೀರು ಬೆಳ್ಳಗಾಯಿತು. ಅದರೊಳಗೆ ಒಂದು ಕೆಂಪು ನೆರಳು ಬಂದು ಹೋಗುತ್ತಿತ್ತು. ಆಮೇಲೆ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿತು.

"ಏನೋ ಹೇಳಾಕತ್ಯಾರ. ಕೇಳಸವಲ್ದು," ಎಂದಳು ಅವ್ವ.

ಅಂಗಡಿಗೆ ಹೊರಟ ಅಣ್ಣ ಗುರಣ್ಣನೂ ಬಗ್ಗಿ ಕೇಳಿಸಿಕೊಂಡು ಹೋಗುತ್ತಿದ್ದ. ಅದಕ್ಕೆ ಉಸಿರು ಕಟ್ಟಿದೆ, ನೀರು ಬದಲಿಸದಿದ್ದರೆ ಸಾಯುತ್ತದೆ ಎಂದು ಚೀರಿದೆ. ಗುರಣ್ಣ ಅಡ್ಡ ನಿಂತ. ತೀರ್ಥ ಬಿದ್ದ ಮೇಲೆ ನೀರೆಲ್ಲ ತೀರ್ಥವೇ. ಗಟಾರಕ್ಕೆ ಚೆಲ್ಲುವಂತಿಲ್ಲ, ಕಾಲಿಗೆ ತಾಗುವಂತಿಲ್ಲ ಎಂದ.

ಒಂದು ಲೋಟ ತುಂಬಿ ಅವನ ಮುಂದಿಟ್ಟೆ.

"ಹಂಗಾದ್ರ ಕುಡಿ."

ತೀರ್ಥವಾದರೆ ಬೇಡ ಅನ್ನುವಂತಿಲ್ಲ, ಮೀನಿನ ನೀರಾದರೆ ಮುಟ್ಟುವಂತಿಲ್ಲ. ಗುರಣ್ಣ ಲೋಟ ನೋಡುತ್ತ ಬೆವತ. ಕೊನೆಗೆ ಅವ್ವನೇ ಕೊಡ ತಂದಳು. ಹೊಲದಲ್ಲಿ ಅಪ್ಪನನ್ನು ಮಣ್ಣು ಮಾಡಿದ ಕಡೆ ಒಂದು ಬಿಲ್ವಪತ್ರಿ ಗಿಡವಿದೆ. ನಾನೂ ಅವ್ವನೂ ನೀರು ಹೊತ್ತುಕೊಂಡು ಹೋಗಿ ಅದರ ಬುಡಕ್ಕೆ ಹಾಕಿದೆವು. ಪೆಟ್ಟಿಗೆಗೆ ಬಾವಿಯ ನೀರು ತುಂಬಿದೆ.

ಸಂಜೆಗೆ ಮೀನು ಬಾಯಿ ಮುಚ್ಚಿ ತಳಕ್ಕಿಳಿದು ಆರಾಮಾಗಿ ತಿರುಗತೊಡಗಿತು.

"ಮೀನು ಬದುಕ್ತು ಬೇ," ಎಂದೆ.

"ಹೂಂ. ಅವರು ಮಾತು ಬಿಟ್ರು," ಎಂದು ಅವ್ವ ಎದ್ದು ಒಳಗೆ ಹೋದಳು. ಆ ದಿನ ಅವಳು ಒಲೆ ಹಚ್ಚಲಿಲ್ಲ.

ನಾನು ಗಾಜಿಗೆ ಕಿವಿ ಹಚ್ಚಿ ನಿಂತೆ. ಅಷ್ಟು ದಿನ ಅಪ್ಪ ಬೈಯುತ್ತಿದ್ದದ್ದು ನನ್ನನ್ನೇ ಇರಬೇಕು. ಇನ್ನೊಂದು ಸಲ ಬೈಯಲಿ ನೋಡೋಣ ಎಂದು ಕಾದೆ.