ಕೆಳಗೆ ಕೂತು ಕಾಯುವವರು

ನಮ್ಮ ಹಾಯಿದೋಣಿಗೆ ನಾಲ್ಕು ಕ್ಯಾಮೆರಾ ಬಂದ ದಿನದಿಂದ ನನ್ನ ನೆಮ್ಮದಿ ಹಾಳಾಗಿದೆ. ಮುಂದೊಂದು, ಹಿಂದೊಂದು, ಹಾಯಿ ಕಂಬಕ್ಕೆ ಎರಡು. ನಮ್ಮವರು ಕೆಳಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತು ಸಮುದ್ರ ಕಾಯುತ್ತಾರೆ, ಸ್ಪೀಕರಿನಲ್ಲಿ ನನಗೆ ಅಪ್ಪಣೆ ಕೊಡುತ್ತಾರೆ. ಬಿಸಿಲು, ಗಾಳಿ, ಚುಕ್ಕಾಣಿ ಎಲ್ಲ ನನ್ನ ಪಾಲಿಗೆ. ಕೇಳಿದರೆ "ಇಲ್ಲಿಂದ ನಾಲ್ಕೂ ದಿಕ್ಕು ಒಟ್ಟಿಗೆ ಕಾಣುತ್ತೆ ಕಣೇ" ಎನ್ನುತ್ತಾರೆ.

ನಿಜವಾದ ಕಾರಣ ನನಗೆ ಗೊತ್ತು. ಹೋದ ವರ್ಷ ಹಾಯಿಯ ಅಡ್ಡಮರ ಬೀಸಿ ಹೊಡೆದು, ಅವರು ಅರ್ಧ ಮೈ ನೀರಿನ ಮೇಲೆ ನೇತಾಡಿದ್ದರು. ಅಂದಿನಿಂದ ದೋಣಿ ಬಂದರು ದಾಟಿತೆಂದರೆ ಮೇಲೆ ಕಾಲಿಡುವುದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೆದಕಿಲ್ಲ. ಮೊದಲಿನ ಹಾಗೆ ಬಂದು ಪಕ್ಕದಲ್ಲಿ ಕೂತರೆ ಸಾಕು, ನನಗೆ ಬೇರೇನೂ ಬೇಕಿಲ್ಲ.

ಇಪ್ಪತ್ತೆರಡು ವರ್ಷ ಕಾರು ಡ್ರೈವಿಂಗ್ ಕಲಿಸಿದವಳು ನಾನು. ಪಕ್ಕದಲ್ಲಿ ಕೂತು ಅಪ್ಪಣೆ ಕೊಡುವುದು ಹೊಸದಲ್ಲ. ಆದರೆ ನನ್ನ ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇರುತ್ತಿತ್ತು. ಇವರ ಕಾಲಡಿಯಲ್ಲಿ ಚಪ್ಪಲಿ ಬಿಟ್ಟರೆ ಏನಿದೆ?

ಮೊನ್ನೆಯಂತೂ ಬೆಳಗ್ಗೆಯಿಂದ ಸ್ಪೀಕರಿನ ಬಾಯಿ ಮುಚ್ಚಿರಲಿಲ್ಲ.

"ಎಡಕ್ಕೆ ಮೀನು ಹಿಡಿಯೋರ ದೋಣಿ ಇದೆ ನೋಡು."

"ಕಾಣ್ತಿದೆ ರೀ. ಅದರಲ್ಲಿರೋನ ಮೀಸೆನೂ ಕಾಣ್ತಿದೆ."

"ಹೌದಾ? ಇಲ್ಲಿ ಬರೀ ಚುಕ್ಕೆ ಥರ ಇದೆ. ಮುಂದಿನ ಕ್ಯಾಮೆರಾ ಮಸುಕಾಗಿದೆ, ಸ್ವಲ್ಪ ಒರೆಸಿಬಿಡು."

ಮಸುಕಾಗದೆ ಇನ್ನೇನು? ಉಪ್ಪುನೀರು ಎರಚಿ ಎರಚಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದು ಐದನೇ ಸಲ. ಕಾವಲಿಗಿಟ್ಟ ಕ್ಯಾಮೆರಾದ ಸೇವೆ ಮಾಡುವುದೇ ನನ್ನ ಕೆಲಸವಾಗಿತ್ತು. ಗೊಣಗುತ್ತಾ ಚುಕ್ಕಾಣಿಗೆ ಹಗ್ಗ ಬಿಗಿದು, ಬಟ್ಟೆ ಹಿಡಿದು ಮುಂದಕ್ಕೆ ಹೋದೆ.

ಒರೆಸಿ ಏಳುವಷ್ಟರಲ್ಲಿ ದೋಣಿ ಜೋರಾಗಿ ವಾಲಿತು. ಕಾಲು ಜಾರಿ, ದೋಣಿಯ ಅಂಚಿನ ಕಂಬಿಯ ಕೆಳಗಿನಿಂದ ಸೊಂಟದವರೆಗೆ ಹೊರಗೆ ಹೋದೆ. ಮೈಗೆ ಕಟ್ಟಿಕೊಂಡಿದ್ದ ಹಗ್ಗ ಎಳೆದು ನಿಲ್ಲಿಸಿತು. ಕ್ಯಾಮೆರಾ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು, ಗಾಜು ಫಳಫಳ ಹೊಳೆಯುತ್ತಿತ್ತು.

"ರೀ, ಬನ್ನಿ!" ಎಂದು ಅದಕ್ಕೇ ಕೂಗಿದೆ.

"ಕಾಣ್ತಿದೆ, ಕಾಣ್ತಿದೆ! ಬಲಗಡೆ ಕಂಬಿ ಇದೆ, ಹಿಡ್ಕೋ. ಇನ್ನೂ ಮೇಲೆ... ಹಾಂ, ಅದೇ!"

ಕಂಬಿ ಅವರು ಹೇಳಿದಲ್ಲೇ ಇತ್ತು. ಹಿಡಿದು, ತೆವಳಿಕೊಂಡು ಒಳಗೆ ಬಂದೆ. ಎತ್ತಲು ಯಾರೂ ಬರಲಿಲ್ಲ. ಪಿತ್ತ ನೆತ್ತಿಗೇರಿತು.

ಬೈಯಲೆಂದೇ ಕೆಳಗಿಳಿಯಲು ಹೋದರೆ, ಅವರು ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದರು. ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ತಬ್ಬಿಕೊಂಡಿದ್ದರು. ಕತ್ತು ಪರದೆಯ ಕಡೆ ತಿರುಗಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಹತ್ತೋಕಾಗಲಿಲ್ಲ ಕಣೇ."

"ಅಷ್ಟು ಹೆದರಿಕೆ ಇದ್ದಮೇಲೆ ಯಾಕ್ರೀ ಬರ್ತೀರಿ? ಮನೇಲಿ ಇರಬಾರದಾ?"

"ನಾನು ಬರದಿದ್ರೆ ನೀನು ಒಬ್ಬಳೇ ಹೋಗ್ತೀಯ. ಇಲ್ಲಿಂದ ನೀನು ಕಾಣ್ತೀಯಾದ್ರೂ."

"ಕಂಡು ಏನ್ ಮಾಡಿದ್ರಿ?"

ಆ ಮಾತು ಒಂದು ವರ್ಷದಿಂದ ನನ್ನ ಗಂಟಲಲ್ಲೇ ಇತ್ತು. ಅವರು ಮೆಲ್ಲಗೆ ಇಳಿದು, ಪರದೆ ಆರಿಸಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ನಾನು ಮೇಲೆ ಹೋಗಿ ದೋಣಿಯನ್ನು ಬಂದರಿನ ಕಡೆ ತಿರುಗಿಸಿದೆ. ಇನ್ನು ಮುಂದೆ ಒಬ್ಬಳೇ ಬರುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಅದನ್ನು ಅವರಿಗೆ ಹೇಳಲು ಬೇಕಾದಷ್ಟು ಸಮಯವಿತ್ತು, ಧೈರ್ಯ ಮಾತ್ರ ಬರಲಿಲ್ಲ.