ಹದಿನೇಳನೇ ನಂಬರಿನ ತಗಡು

ಕೇಕಿನ ತುಂಡುಗಳನ್ನು ಇನ್ನೂ ಒತ್ತಾಗಿ ಜೋಡಿಸಬೇಕು, ಕೆಳಗಿನ ತಗಡು ಈಗಲೇ ಕಾಣಬಾರದು, ಒಬ್ಬೊಬ್ಬರೇ ತೆಗೆದುಕೊಳ್ಳುತ್ತ ಹೋಗಿ ಕೊನೆಗೆ ಗಂಡನ ಕಾರ್ಖಾನೆಯ ಮೇಸ್ತ್ರಿಯ ಮುಂದೆ ಬಂದಾಗ ಮಾತ್ರ — ನಡುಮನೆಯಲ್ಲಿ ನಗು, ಪಕ್ಕದ ಮನೆಯ ನರ್ಸಮ್ಮನದು, ರಜೆಯ ದಿನ ಯಾರಾದರೊಬ್ಬರ ಮನೆಯಲ್ಲಿ ಸೇರುವುದು, ಕುರ್ಚಿ ಮಾತ್ರ ಅವರವರೇ ಹೊತ್ತು ತರುವುದು, ಇದು ಈ ಬೀದಿಯ ರೂಢಿ, ಈ ಸಲ ನಮ್ಮನೆಗೇ ಬನ್ನಿ ಅಂತ ತಾನೇ ಮುಂದೆ ಬಿದ್ದು ಕರೆದಿದ್ದಳು, ಮೇಸ್ತ್ರಿಯ ಬಾಗಿಲಿಗೂ ಹೋಗಿ ನಗುನಗುತ್ತ ಕರೆದಿದ್ದಳು, ಆ ನಗುವಿಗೆ ಎಷ್ಟು ಹಲ್ಲು ಕಚ್ಚಬೇಕಾಯಿತೆಂದು ಅವಳಿಗೇ ಗೊತ್ತು. ಯಾಕಮ್ಮಾ ಸುಮ್ನೆ ತೊಂದ್ರೆ ತಗೋತೀಯ. ತೊಂದ್ರೆ ಏನ್ ಬಂತಣ್ಣ, ನೀವು ಬರ್ಲೇಬೇಕು. ಅಣ್ಣನಂತೆ ಅಣ್ಣ. ಬಾ, ಎಲ್ಲರೆದುರಿಗೇ ನಿನ್ನ ನೀರಿಳಿಸುತ್ತೇನೆ.

ರಟ್ಟು ಕತ್ತರಿಸುವ ಯಂತ್ರದ ಅಲಗಿನ ಮೇಲೆ ಒಂದು ತಗಡಿನ ಮುಚ್ಚಳ ಇರಬೇಕು, ಕೈ ಒಳಗೆ ಹೋಗದ ಹಾಗೆ, ಅದಿದ್ದರೆ ಕೆಲಸ ನಿಧಾನ, ಅದಕ್ಕೇ ಮೇಸ್ತ್ರಿ ಬಿಚ್ಚಿಸಿ ಹಾಕಿದ ಎಂದು ಗಂಡ ಆಸ್ಪತ್ರೆಯ ಗೋಡೆ ನೋಡುತ್ತ ಹೇಳಿದ್ದ, ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡಸಮೇತ ಹೋಗಿದ್ದವು, ಮೇಸ್ತ್ರಿ ರಿಪೋರ್ಟಿನಲ್ಲಿ ಏನು ಬರೆದ, ಮುಚ್ಚಳ ಇತ್ತು, ಕೈ ಜಾರಿತು — ಇತ್ತಂತೆ — ಹದಿನೈದು ವರ್ಷ ಯಂತ್ರ ಪಳಗಿಸಿದ ಗಂಡ ಈಗ ಗೇಟಿನಲ್ಲಿ ಕೂತು ಲಾರಿಗೆ ಬಾಗಿಲು ತೆಗೆಯುತ್ತಾನೆ, ಅಂಗಿಯ ಗುಂಡಿ ಅವಳೇ ಹಾಕಬೇಕು, ಎಂಟು ತಿಂಗಳು, ದಿನಾ ಬೆಳಗ್ಗೆ ಆರು ಗುಂಡಿ, ಕೊನೆಯ ಗುಂಡಿ ಕತ್ತಿನ ಹತ್ತಿರ ಬಂದಾಗ ಪ್ರತಿ ಸಲವೂ ಹಿಸುಕಬೇಕೆನಿಸುವುದು ಇನ್ನೊಬ್ಬನ ಕತ್ತನ್ನು. ಹೋದ ತಿಂಗಳು ತೂತು ಬಕೆಟ್ಟು ಹಾಕಲು ಗುಜರಿ ಅಂಗಡಿಗೆ ಹೋದಾಗ ಇದು ಸಿಕ್ಕಿತು, ಅಂಚು ಮಡಿಸಿದ ತಗಡು, ಮೂಲೆಯಲ್ಲಿ ಕಾರ್ಖಾನೆಯ ಮುದ್ರೆ, ನಡುವೆ ಗಂಡನ ಯಂತ್ರದ ನಂಬರು, ಹದಿನೇಳು. ಯಾರು ಹಾಕಿದ್ದಪ್ಪ ಇದನ್ನ? ಯಾರೋ ಸೈಕಲ್ಲಲ್ಲಿ ತಂದು ಹಾಕಿದ್ರಮ್ಮ, ವರ್ಷ ಆಗಿರ್ಬೇಕು. ಗಂಡನಿಗೂ ತುಟಿ ಪಿಟಕ್ಕೆನ್ನದೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು, ಅವನು ಡ್ಯೂಟಿಗೆ ಹೋದ ಮೇಲೆ ಮರಳು ಹಾಕಿ ಉಜ್ಜಿ ಉಜ್ಜಿ, ಎಂಥಾ ಹೊಳಪು, ಮದುವೆಯ ಪಾತ್ರೆಯನ್ನೂ ಹೀಗೆ ಉಜ್ಜಿರಲಿಲ್ಲ.

ತಟ್ಟೆ ಚೆನ್ನಾಗಿದೆ ಕಣೇ, ಎಲ್ಲಿ ತಗೊಂಡೆ, ನರ್ಸಮ್ಮ ಎರಡು ತುಂಡು ಎತ್ತಿದಳು, ಇರು, ಹೇಳ್ತೀನಿ, ಬಾಗಿಲ ಹತ್ತಿರದ ಎಲೆಕ್ಟ್ರಿಷಿಯನ್ನು ಒಂದು, ಅವನ ಹೆಂಡತಿ ಸಕ್ಕರೆ ಕಾಯಿಲೆ ಅನ್ನುತ್ತಲೇ ಇನ್ನೊಂದು, ತನ್ನ ಗಂಡ ಮಾತ್ರ ಬೇಡ ಅಂತ ಕೈಯಾಡಿಸಿ ಕಿಟಕಿಯ ಕಡೆ ನೋಡಿದ, ನೋಡಲಿ, ಇನ್ನೊಂದು ಗಳಿಗೆ, ನಿನ್ನ ಎರಡು ಬೆರಳಿನ ಸೇಡು ನಾನು ತೀರಿಸುತ್ತೇನೆ, ಬೆರಳ ತುದಿಯ ತನಕ ರಕ್ತ ಕುದಿಯುತ್ತಿದೆ, ಹಬ್ಬದ ಸಂಭ್ರಮದಂತೆ ಇದೆ. ಮೇಸ್ತ್ರಿ ಕೊನೆಯ ತುಂಡನ್ನು ಎತ್ತಿಕೊಂಡ. ಕೈ ಅಲ್ಲೇ ನಿಂತಿತು. ಮುಚ್ಚಳ ಇತ್ತು ಅಂತ ಬರೆದ್ರಲ್ಲಣ್ಣ, ಇಲ್ಲಿದೆ ನೋಡಿ, ಗುಜರೀಲಿತ್ತು. ಬೆವರಲಿ ಈಗ, ತೊದಲಲಿ — ಅವನು ಅವಳನ್ನು ನೋಡಲೇ ಇಲ್ಲ, ಅವಳ ಗಂಡನನ್ನು ನೋಡಿದ, ಬೈಯುವ ಕಣ್ಣಲ್ಲ, ಅದೇ ತಡೆಯಲಾಗದ್ದು, ಕರುಣೆ. ಮನೇಲಿ ಹೇಳಿಲ್ವೇನೋ? ನೀನೇ ಬಿಚ್ಚಿದ್ದು ಅಂತ ನಾನು ಬರೆದಿದ್ರೆ ಗೇಟಿನ ಕೆಲ್ಸಾನೂ ಉಳೀತಿರ್ಲಿಲ್ಲ, ಅದಕ್ಕೇ ಅಲ್ವಾ ಇತ್ತು ಅಂತ ಬರ್ದಿದ್ದು. ನೀನೇ ಅಂದರೆ — ಆಸ್ಪತ್ರೆಯ ಗೋಡೆ — ಯಾರೋ ಸೈಕಲ್ಲಲ್ಲಿ — ಹಿತ್ತಲಲ್ಲಿ ಒರಗಿಸಿಟ್ಟ ಗಂಡನ ಸೈಕಲ್ಲಿನ ಕ್ಯಾರಿಯರ್ರು — ಎಂಟು ತಿಂಗಳ ಸಿಟ್ಟನ್ನು ಈಗ ಯಾರ ತಲೆಗೆ ಕಟ್ಟುವುದು, ಎಲ್ಲರೂ ನೋಡುತ್ತಿದ್ದಾರೆ, ತಾನೇ ಕರೆದು ಕೂರಿಸಿದವರು, ಗಂಡ ಎದ್ದು ಬಂದ, ನಂಬರನ್ನು ಮುಚ್ಚಲೆಂದು ಬಲ ಅಂಗೈಯನ್ನು ತಗಡಿನ ಮೇಲೆ ಊರಿದ, ಮುಚ್ಚಲಿಲ್ಲ ಅದು, ಎರಡು ಬೆರಳಿಲ್ಲದ ಸಂದಿನಲ್ಲಿ ಹದಿನೇಳು, ಅವನು ಕೈ ಸರಿಸಿ ಇಟ್ಟ, ಬೆರಳಿಲ್ಲದ ಸಂದಿನಲ್ಲಿ ಹದಿನೇಳು.