ಎಡಗಿವಿಯ ಕುರು

ಬಕೆಟ್ಟು ತುಂಬಿ ನೀರು ಹೊರಚೆಲ್ಲುವ ಸದ್ದು, ಎಷ್ಟು ಹೊತ್ತಿನಿಂದಲೋ, ಅವಳ ಕೈಯಲ್ಲಿ ಹಿಂಡದ ಹೊದಿಕೆಯ ಒಂದು ತುದಿ, ಒಳಗಿನಿಂದ ಮಗಳು, ಅಮ್ಮಾ ಎಂಟಾಯ್ತು, ಹನಿ ಹಾಕಲ್ವಾ, ಹೌದಲ್ಲ, ಎಂಟಕ್ಕೆ ಹನಿ, ಮೊದಲು ಬಿಸಿಬಟ್ಟೆಯ ಕಾವು, ಅಥವಾ ಹನಿಯೇ ಮೊದಲೋ, ಡಾಕ್ಟರಮ್ಮನ ಚೀಟಿ ಎಲ್ಲಿಟ್ಟೆ — ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಕೋಣೆಗೆ ಬಂದರೆ ಏಳು ವರ್ಷದ ಮಗಳು ಆಗಲೇ ಮಗ್ಗುಲಾಗಿ ಮಲಗಿದ್ದಾಳೆ, ನೋಯುವ ಕಿವಿ ಮೇಲ್ಮುಖವಾಗಿ, ದಿಂಬಿನಲ್ಲಿ ಅರ್ಧ ಮುಖ, ಉಳಿದರ್ಧದಲ್ಲಿ ಒಂದೇ ಕಣ್ಣು, ತಾಯಿಯನ್ನೇ ನೋಡುತ್ತಿದೆ. ಎಡಗಿವಿ, ಎಡವೇ ತಾನೆ, ನಿನ್ನೆ ಎದುರು ಕೂರಿಸಿಕೊಂಡು ತನ್ನ ಎಡಗೈ ಕಡೆಗಿದ್ದ ಕಿವಿಗೆ ಬಿಟ್ಟುಬಿಟ್ಟಳು, ಅಮ್ಮಾ ಅದು ಒಳ್ಳೇ ಕಿವಿ ಎಂದು ಮಗಳೇ ಹೇಳಬೇಕಾಯಿತು, ಬುದ್ಧಿ ಎಲ್ಲಿಟ್ಟಿರುತ್ತೇನೋ ನಾನು. ಬರೀ ಕುರು ಕಣಮ್ಮ, ಕಿವಿಯ ಬಾಯಲ್ಲೇ ಇದೆ, ಒಳಗಿನ ತಮಟೆಗೆ ಏನೂ ಆಗಿಲ್ಲ, ಹಿಸುಕೋಕೆ ಮಾತ್ರ ಹೋಗಬೇಡಿ ಎಂದರು ಡಾಕ್ಟರಮ್ಮ, ಔಷಧಿಯಲ್ಲಿ ಅದ್ದಿದ ಸಣ್ಣ ಬತ್ತಿ ಇಟ್ಟರು, ಅವತ್ತೇ ಸಂಜೆ ಫೋನಿನಲ್ಲಿ ಅತ್ತೆ, ಕಾಸಿದ ಎಣ್ಣೆ ಬಿಡೇ, ನಿನ್ನ ಗಂಡನ ಕಿವಿಗೂ ಅದನ್ನೇ ಬಿಡ್ತಿದ್ದೆ, ಅದಕ್ಕೇ ಅವರಿಗೆ ನಾನು ಹೇಳಿದ್ದು ಒಂದೂ ಕೇಳಿಸಲ್ಲ ಅತ್ತೆ, ಅನ್ನಬೇಕಿತ್ತು, ಅನ್ನಲಿಲ್ಲ. ಸೀಸೆ ಅಂಗೈಯಲ್ಲಿ ಬೆಚ್ಚಗಾಗಬೇಕು, ಉಜ್ಜುತ್ತಾಳೆ, ಉಜ್ಜುತ್ತಲೇ ಇರುತ್ತಾಳೆ, ಯಾರು ಒಳಗೆ ಕೆರೆದಿದ್ದು, ಡಾಕ್ಟರಮ್ಮ ತಲೆ ಎತ್ತದೆ ಕೇಳಿದ್ದು, ಬೈಯುವ ದನಿಯೇನಲ್ಲ, ಇವಳೇ ಡಾಕ್ಟ್ರೇ, ಸುಮ್ಮನಿರಲ್ಲ, ಏನಾದ್ರೂ ತುರುಕಿಕೊಳ್ತಾಳೆ — ಎಲ್ಲಿಂದ ಬಂತು ಆ ಮಾತು, ನಾಲಗೆಗೆ ಮೂಳೆಯಿಲ್ಲ ಎನ್ನುವುದು ಇದಕ್ಕೇ, ಸ್ಕೂಲಿನ ಗಡಿಬಿಡಿ, ಜಡೆ ಹಾಕುತ್ತ, ತುಟಿಯಲ್ಲಿ ಕಚ್ಚಿದ್ದ ಹೇರ್‌ಪಿನ್ನು ತೆಗೆದು, ಅಲ್ಲಾಡಬೇಡ ಬಂಗಾರ, ಎಷ್ಟು ಕೊಳೆ ನೋಡು, ಹಾಕಿದ್ದು ತಾನೇ, ಈ ಕೈಯೇ, ತನ್ನಮ್ಮನೂ ಹಾಗೇ ಮಾಡುತ್ತಿದ್ದಳಲ್ಲ, ಯಾರಿಗೆ ಏನಾಯಿತು. ಇನ್ಮೇಲೆ ಹಾಗೆ ಮಾಡ್ತೀಯಾ ಪುಟ್ಟಿ, ಡಾಕ್ಟರಮ್ಮ ಮಗಳ ಗಲ್ಲ ಹಿಡಿದು ಕೇಳಿದಾಗ ಮಗಳು ಒಮ್ಮೆ ತಾಯಿಯ ಕಡೆ ನೋಡಿ, ಇಲ್ಲ ಎಂದು ತಲೆಯಾಡಿಸಿದಳು. ಅಷ್ಟೇ. ಮೂರು ದಿನವಾಯಿತು, ಆ ಮಾತೇ ಎತ್ತಿಲ್ಲ, ಮಕ್ಕಳು ಮರೆಯುತ್ತಾರೆ, ಮರೆಯುತ್ತಾರಾ, ಬತ್ತಿಯ ಮೇಲೆ ಒಂದು ಹನಿ, ಎರಡು, ತಣ್ಣಗಿದ್ಯಾ ಚಿನ್ನಾ, ಇಲ್ಲ, ಐದು ನಿಮಿಷ ಹೀಗೇ ಮಲಗಿರು, ಹೂಂ, ನಾನೇ ಆ ಮಾತು ಎತ್ತಿಬಿಡಲೇ, ಏನಂತ ಶುರು ಮಾಡುವುದು, ಸಂಜೆ ಹೇಳಿದರಾಯಿತು, ಅಪ್ಪ ಬಂದಮೇಲೆ, ಬೇಡ, ಅಪ್ಪನೆದುರು ಬೇಡ, ಮೂರು ಹನಿಯೋ ನಾಲ್ಕೋ, ಎಷ್ಟಾಯಿತು, ಲೆಕ್ಕ ತಪ್ಪಿತು, ಆ ಒಂದು ಕಣ್ಣು, ರೆಪ್ಪೆಯೂ ಅಲ್ಲಾಡದೆ, ದಿಂಬಿನ ಅಂಚಿನಿಂದ, ಆ ಕಣ್ಣು —

ಅಮ್ಮಾ, ಪಿನ್ನು ಹಾಕಿದ್ದು ನೀನಲ್ವಾ, ಡಾಕ್ಟರ್ ಹತ್ರ ನಾನು ಅಂತ ಯಾಕೆ ಹೇಳಿದೆ?